ತೂತಿನ ಮೇಲಿನ ತೇಪೆ

ಮಾರ್ಚ್ 3, ಸೋಮವಾರ

ಈ ಕತೆಯನ್ನು ಮೊದಲು ಹೇಳಿದವರು ಎದೆಯ ಡಾಕ್ಟರಮ್ಮ. ಹೇಳಿದ್ದು ಇವತ್ತು ಬೆಳಿಗ್ಗೆ, ಆಸ್ಪತ್ರೆಯ ಮೇಲಿನ ಮಹಡಿಯ ಮೂಲೆ ಕೋಣೆಯಲ್ಲಿ. ಕೇಳಿದವರು ಅಣ್ಣ, ಅತ್ತಿಗೆ, ನಾನು.

ನಮ್ಮಜ್ಜಿ ಕತೆ ಶುರು ಮಾಡುತ್ತಿದ್ದದ್ದೇ ಹೀಗೆ. ಯಾರು ಹೇಳಿದ್ದು, ಯಾವಾಗ, ಯಾರಿಗೆ. ಅದಿಲ್ಲದ ಕತೆ ಬೇಲಿಯಿಲ್ಲದ ಹೊಲ, ಯಾವ ದನ ಬೇಕಾದರೂ ನುಗ್ಗುತ್ತದೆ ಅನ್ನುತ್ತಿದ್ದಳು. ಮುಗಿಸುವಾಗ ಇನ್ನೊಂದು ಮಾತು ಇರುತ್ತಿತ್ತು: ಕತೆ ನಿಜವೋ ಸುಳ್ಳೋ ಅಂತ ಹೇಳಿದವರನ್ನ ಕೇಳಬೇಡ, ಕೇಳಿದವರು ಮಾರನೇ ಬೆಳಿಗ್ಗೆ ಎದ್ದು ಏನು ಮಾಡಿದರು ಅಂತ ನೋಡು.

ಇಷ್ಟು ವರ್ಷ ನನಗೆ ಬರೆಯುವ ಚಟ ಇರಲಿಲ್ಲ. ಗಿರಣಿಯಲ್ಲಿ ನಡೆದದ್ದನ್ನೆಲ್ಲ ಉಪ್ಪುಖಾರ ಹಚ್ಚಿ ಸಂಜೆ ಅಣ್ಣನ ಕಿವಿಗೆ ಹಾಕಿದರೆ ನನ್ನ ದಿನ ಮುಗಿಯುತ್ತಿತ್ತು. ಈಗ ಆ ಕಿವಿಗೆ ಹಾಕಬಾರದ ಮಾತುಗಳು ಸೇರಿಕೊಳ್ಳುತ್ತಿವೆ. ಅದಕ್ಕೇ ಇಲ್ಲಿ.

ಅಣ್ಣನ ಶ್ವಾಸಕೋಶದಲ್ಲಿ ಗಡ್ಡೆ. ಎರಡು ಬಗೆಯ ಮದ್ದು ಆಯಿತು, ಬಗ್ಗಲಿಲ್ಲ. ಲಿವರಿಗೂ ಹಬ್ಬಿದೆ. ಇವತ್ತು ಡಾಕ್ಟರಮ್ಮ ಹೊಸ ಮದ್ದಿನ ವಿಷಯ ತೆಗೆದರು. ಅಣ್ಣನ ಗಡ್ಡೆಯ ಚೂರನ್ನು ಪರೀಕ್ಷೆ ಮಾಡಿಸಿದ್ದರಂತೆ. ಒಳಗೆ ಕೆಲವು ಜೀನುಗಳು ಮುರಿದೇ ಹೋಗಿವೆ, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಆದರೆ 'ಸಾಕು, ಇನ್ನು ಬೆಳೆಯಬೇಡ' ಎಂದು ಜೀವಕೋಶಕ್ಕೆ ಹೇಳುವ ಕೆಲವು ಜೀನುಗಳು ಇಡಿಯಾಗಿಯೇ ಇವೆ. ಅವುಗಳ ಮೇಲೆ ಒಂದು ರಾಸಾಯನಿಕ ಗುರುತು ಕೂತುಬಿಟ್ಟಿದೆ. ಗುರುತು ಕೂತ ಜೀನನ್ನು ಜೀವಕೋಶ ಓದುವುದಿಲ್ಲ. ಇದಕ್ಕೆ ಎಪಿಜೆನೆಟಿಕ್ ಬದಲಾವಣೆ ಅನ್ನುತ್ತಾರಂತೆ. ಅತ್ತಿಗೆ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು, ಆದರೂ ನಾಲಿಗೆಗೆ ಹತ್ತಲಿಲ್ಲ.

ಅಣ್ಣ ಸುಮ್ಮನೆ ಕೇಳುತ್ತಿದ್ದವನು ಕುರ್ಚಿಯಲ್ಲಿ ಮುಂದಕ್ಕೆ ಸರಿದು, "ಅಂದ್ರೆ ಕಾರ್ಡು ಹರಿದಿಲ್ಲ. ತೂತಿನ ಮೇಲೆ ತೇಪೆ ಬಿದ್ದಿದೆ" ಅಂದ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ನಮ್ಮ ಗಿರಣಿಯ ಮಗ್ಗಗಳ ತಲೆಯ ಮೇಲೆ ರಟ್ಟಿನ ಕಾರ್ಡುಗಳ ಸರ ತಿರುಗುತ್ತಿರುತ್ತದೆ. ಕಾರ್ಡಿನಲ್ಲಿ ತೂತಿದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ನೂಲು ಮೇಲೇಳುತ್ತದೆ. ತೂತಿಲ್ಲದಲ್ಲಿ ನೂಲು ಮಲಗಿರುತ್ತದೆ. ಬಟ್ಟೆಯ ಮೇಲೆ ಮೂಡುವ ಹಕ್ಕಿ, ಎಲೆ, ಬಳ್ಳಿ ಎಲ್ಲ ಈ ಏಳುವ ಮಲಗುವ ಆಟವೇ. ಆ ತೂತು ಹೊಡೆಯುವ ಕೆಲಸ ಅಣ್ಣನದು. ಚಿತ್ರ ಬದಲಾಯಿಸಬೇಕಾದರೆ ಅವನು ಹೊಸ ಕಾರ್ಡು ಮಾಡುವುದಿಲ್ಲ. ಬೇಡದ ತೂತಿನ ಮೇಲೆ ಕಾಗದದ ತೇಪೆ ಅಂಟಿಸುತ್ತಾನೆ. ತೂತು ಇದ್ದಲ್ಲೇ ಇರುತ್ತದೆ. ಸೂಜಿಗೆ ಮಾತ್ರ ಅದು ಕಾಣುವುದಿಲ್ಲ.

ಡಾಕ್ಟರಮ್ಮನ ಮುಖ ಅರಳಿತು. ಹೌದು, ಹಾಗೇ, ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ ಅಂದರು. ಹೊಸ ಮದ್ದು ಆ ತೇಪೆ ಕೀಳುವ ಮದ್ದು. ಎಲ್ಲರಿಗೂ ಫಲ ಕೊಡುವುದಿಲ್ಲ, ಫಲ ಸಿಕ್ಕವರು ಕಡಿಮೆ ಎಂದೂ ಹೇಳಿದರು. ಮೈಯಲ್ಲಿ ಬೇಕಾಗಿಯೇ ಹಚ್ಚಿದ ತೇಪೆಗಳೂ ಇರುತ್ತವೆ ಎಂದೂ ಏನೋ ಹೇಳಿದರು. ಅಷ್ಟು ಹೊತ್ತಿಗೆ ಅತ್ತಿಗೆ ಅಳಲು ಶುರು ಮಾಡಿದ್ದರು, ಸಂತೋಷಕ್ಕೆ.

ಅಣ್ಣ ಸಿಗರೇಟು ಬಿಟ್ಟು ಬಹಳ ಕಾಲವಾಯಿತಲ್ಲ ಎಂದು ನಾನು ಕೇಳಿದೆ. ಬಿಟ್ಟ ಮೇಲೆ ಹೊಗೆ ಕೂರಿಸಿದ ಎಷ್ಟೋ ಗುರುತುಗಳು ತಾವಾಗಿ ಅಳಿಯುತ್ತವೆ, ಕೆಲವು ಕೂತಲ್ಲಿಂದ ಏಳುವುದಿಲ್ಲ ಅಂದರು.

"ನಾ ಬಿಟ್ಟೆ, ಅದು ಬಿಡ್ಲಿಲ್ಲ" ಅಂದ ಅಣ್ಣ.

ಮಾರ್ಚ್ 4, ಮಂಗಳವಾರ

ಕೇಳಿದವರು ಮಾರನೇ ಬೆಳಿಗ್ಗೆ ಏನು ಮಾಡಿದರು? ಅಣ್ಣ ಎರಡು ಮೊಟ್ಟೆ ತಿಂದ. ಅತ್ತಿಗೆ ಅಂಗಡಿಗೆ ಹೋಗಿ ಅವನಿಗೆ ಹೊಸ ಚಪ್ಪಲಿ ತಂದರು, ಆಸ್ಪತ್ರೆಯ ನೆಲ ಜಾರುತ್ತದೆಂದು. ನಾನು ಮಗ್ಗದ ಮುಂದೆ ಹಾಡಿಕೊಂಡೆ. ಪಕ್ಕದ ಮಗ್ಗದವಳು ಎಣ್ಣೆ ಹಾಕಿಸಿಕೋ ಅಂದಳು, ಮಗ್ಗಕ್ಕಲ್ಲ, ಗಂಟಲಿಗೆ.

ಅಜ್ಜಿಯ ಲೆಕ್ಕದಲ್ಲಿ ಕತೆ ನಿಜ.

ಮಾರ್ಚ್ 12, ಬುಧವಾರ

ಮೊದಲ ಸೂಜಿಮದ್ದು. ಆಸ್ಪತ್ರೆಯ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ಅತ್ತಿಗೆ ಒಂದು ಚೀಲ ತುಂಬಿ ಬಾಗಿಲ ಪಕ್ಕ ಇಟ್ಟಿದ್ದಾರೆ: ಟವಲು, ಬಾಚಣಿಗೆ, ಫ್ಲಾಸ್ಕು, ಹೊಸ ಚಪ್ಪಲಿ. ಚಪ್ಪಲಿಯನ್ನು ಮನೆಯಲ್ಲಿ ಹಾಕಲು ಬಿಡುವುದಿಲ್ಲ, ಸವೆಯುತ್ತದಂತೆ. ಆಸ್ಪತ್ರೆಗೆ ಮದುಮಗನ ಹಾಗೆ ಹೋಗಬೇಕಾ ಎಂದು ಅಣ್ಣ ರೇಗಿಸಿದ. ಮದುವೆಯ ದಿನ ನೀವು ಹಾಕಿದ್ದು ನಿಮ್ಮ ಚಿಕ್ಕಪ್ಪನ ಚಪ್ಪಲಿ, ಎರಡು ಬೆರಳು ದೊಡ್ಡದು, ನಾನಿನ್ನೂ ಮರೆತಿಲ್ಲ ಎಂದರು ಅತ್ತಿಗೆ. ಗಾಡಿಯವನೂ ನಕ್ಕ.

ಮಾರ್ಚ್ 20, ಗುರುವಾರ

ಮೇಲ್ವಿಚಾರಕ ಕರೆದ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದರಿಂದ ಅವನಿಗೆ 'ಗಡಿಯಾರ' ಎಂದು ಹೆಸರಿಟ್ಟವನು ಅಣ್ಣನೇ. ಇಬ್ಬರೂ ಒಂದೇ ದಿನ ಗಿರಣಿಗೆ ಸೇರಿದವರು. ನಿಮ್ಮಣ್ಣ ಬರೋವರೆಗೆ ಕಾರ್ಡಿನ ಮೇಜಿಗೆ ಅರ್ಧ ದಿನ ನೀವು ಕೂತ್ಕೊಳ್ಳಿ, ಅವನ ಕೈ ನೋಡಿದೋರು ನೀವೊಬ್ಬರೇ ಅಂದ. ಅಣ್ಣ ಬರೋವರೆಗೆ ಎಂಬ ಮಾತಿಗೆ ನಾನು ಹೂಂ ಅಂದೆ.

ಸಂಜೆ ಅಣ್ಣ ಹಾಸಿಗೆಯಲ್ಲಿ ಒರಗಿಯೇ ಪಾಠ ಮಾಡಿದ. ರಟ್ಟಿಗೆ ತೇವ ತಾಗಬಾರದು. ಅಂಟು ತೆಳ್ಳಗಿರಬೇಕು, ದಪ್ಪಗಾದರೆ ಸೂಜಿ ಕಚ್ಚಿಕೊಳ್ಳುತ್ತದೆ. ಹಳೆಯ ತೇಪೆ ಕೀಳಲು ಹೋಗಲೇಬಾರದು. ಅವುಗಳಲ್ಲಿ ಕೆಲವು ಅವನು ಚಿತ್ರ ಬದಲಾಯಿಸಲು ಹಚ್ಚಿದವು. ಕೆಲವು ಅವನ ಗುರು ತಪ್ಪಾಗಿ ಹೊಡೆದ ತೂತು ಮುಚ್ಚಲು ಹಚ್ಚಿದವು. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ.

ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದ. ನಾನು ಅದನ್ನು ಮದ್ದಿನ ಸುಸ್ತು ಅಂದುಕೊಂಡೆ.

ಏಪ್ರಿಲ್ 2, ಬುಧವಾರ

ಅತ್ತಿಗೆ ಅಡುಗೆಮನೆಗೆ ಕರೆದು, "ನಿಮ್ಮಣ್ಣ ಗೋಡೆ ನೋಡ್ಕೊಂಡು ಮಲಗ್ತಾರೆ ಕಣೆ. ಒಂದು ಕತೆ ಹೇಳು. ಒಳ್ಳೇದಾಗೋ ಕತೆ" ಅಂದರು.

ಅಜ್ಜಿಯ ಗಂಟಿನಲ್ಲಿ ಇಂಥ ಕತೆ ಇರಲಿಲ್ಲ, ನಾನೇ ಹೆಣೆದೆ. ಒಂದೂರಿಗೆ ಏಳು ಜನ ಕಾವಲುಗಾರರು. ಕಳ್ಳರು ಅವರನ್ನು ಕೊಲ್ಲಲಿಲ್ಲ, ಕಟ್ಟಿಹಾಕಲಿಲ್ಲ. ಚಳಿಗಾಲ ನೋಡಿ, ಒಬ್ಬೊಬ್ಬರಿಗೂ ಒಂದೊಂದು ಕಂಬಳಿ ಹೊದಿಸಿದರು. ಕಾವಲುಗಾರರಿಗೆ ಹಿತವಾಯಿತು, ಗೊರಕೆ ಹೊಡೆದರು, ಕಳ್ಳರು ಊರಲ್ಲೇ ಮನೆ ಕಟ್ಟಿಕೊಂಡು ಮಕ್ಕಳುಮರಿ ಮಾಡಿದರು. ಕೊನೆಗೆ ಒಬ್ಬ ಮುದುಕಿ ಕತ್ತಲಲ್ಲಿ ಬಂದು ಕಂಬಳಿಗಳನ್ನು ಒಂದೊಂದಾಗಿ ಎಳೆದಳು. ಕಾವಲುಗಾರರು ಎದ್ದರು, ಕೋಲು ಹಿಡಿದರು, ಊರು ಉಳಿಯಿತು.

ಅಣ್ಣ ಕಣ್ಣು ಮುಚ್ಚಿಕೊಂಡೇ ಕೇಳಿದ. "ಆ ಮುದುಕಿ ಊರಲ್ಲಿ ಮಲಗಿದ್ದೋರ ಕಂಬಳಿ ಎಲ್ಲಾ ಎಳೆದ್ಲಾ? ಕಾವಲುಗಾರರದ್ದು ಮಾತ್ರನಾ?"

"ಕಾವಲುಗಾರರದ್ದು ಮಾತ್ರ."

"ಕತ್ತಲಲ್ಲಿ ಹೇಗೆ ಗೊತ್ತಾಯ್ತೇ ಗುಬ್ಬಿ?"

ಗುಬ್ಬಿ ಎಂದರೆ ನಾನು. ಚಿಕ್ಕಂದಿನಿಂದ ಅದೇ ಹೆಸರು.

"ಕತೆ ಅಲ್ವಾ ಅಣ್ಣ" ಅಂದೆ. ಹೂಂ ಅಂದ. ಮತ್ತೆ ಗೋಡೆಯ ಕಡೆ ತಿರುಗಿದ.

ಏಪ್ರಿಲ್ 15, ಮಂಗಳವಾರ

ಜ್ವರ. ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದಾರೆ. ಮದ್ದಿನಿಂದ ರಕ್ತದ ಬಿಳಿಕಣ ತೀರಾ ಇಳಿದಿವೆಯಂತೆ. ಕೋಣೆಗೆ ಹೋಗಬೇಕಾದರೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬಟ್ಟೆಯ ಹಿಂದಿನಿಂದ ನಾನು ಗಿರಣಿಯ ಸುದ್ದಿ ಹೇಳಿದೆ. ಅವನಿಗೆ ಅರ್ಧ ಕೇಳಿಸಲಿಲ್ಲ. ಕೇಳಿಸಿದಂತೆ ತಲೆಯಾಡಿಸಿದ.

ನನ್ನ ಬೆರಳಿಗೆ ಅಂಟಿನ ವಾಸನೆ ಹತ್ತಿದೆ. ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ. ಅಣ್ಣನ ಕೈಗೂ ಇದೇ ವಾಸನೆ ಇತ್ತು. ಈಗ ಅವನ ಕೈಗೆ ಆಸ್ಪತ್ರೆಯ ವಾಸನೆ.

ಏಪ್ರಿಲ್ 27, ಭಾನುವಾರ

ಮನೆಗೆ ಬಂದ. ಮೆಟ್ಟಿಲು ಹತ್ತಲಾಗಲಿಲ್ಲ. ಮಂಚವನ್ನು ಕೆಳಗಿಳಿಸಿದೆವು.

ಮೇ 6, ಮಂಗಳವಾರ

ಸ್ಕ್ಯಾನ್ ಆಯಿತು. ಅಣ್ಣನನ್ನು ಗಾಲಿಕುರ್ಚಿಯಲ್ಲಿ ರಕ್ತ ತೆಗೆಯಲು ಕರೆದುಕೊಂಡು ಹೋಗಿದ್ದಾಗ ಡಾಕ್ಟರಮ್ಮ ನಮ್ಮಿಬ್ಬರನ್ನು ಒಳಗೆ ಕರೆದರು. ಕುರ್ಚಿ ತೋರಿಸಿದರು. ತಾವೂ ಮೇಜಿನ ಈಚೆಗೆ ಬಂದು ಕೂತರು. ಆಗಲೇ ನನಗೆ ಗೊತ್ತಾಯಿತು.

ಮದ್ದು ಗುರುತುಗಳನ್ನು ಕಿತ್ತಿದೆ, ಪರೀಕ್ಷೆಯಲ್ಲಿ ಕಾಣಿಸುತ್ತಿದೆ ಅಂದರು. ಆದರೆ ಗಡ್ಡೆ ನಿಂತಿಲ್ಲ, ದೊಡ್ಡದಾಗಿದೆ. ಇನ್ನೊಂದು ಪಕ್ಕದಲ್ಲೂ ಕಾಣಿಸಿದೆ. ಆ ತಡೆಯುವ ಜೀನು ಎದ್ದಿರಬಹುದು, ಆದರೆ ಮಲಗಿರಬೇಕಾದವು ಇನ್ನೆಷ್ಟು ಎದ್ದಿವೆಯೋ ಹೇಳಲಾಗದು. ಮುರಿದ ಜೀನುಗಳು ಹೇಗೂ ಮುರಿದೇ ಇವೆ. ನೀವು ಬೇಕೇಬೇಕೆಂದರೆ ಇನ್ನೊಂದು ಸುತ್ತು ಕೊಡುತ್ತೇನೆ, ಕೊಡಿ ಅಂತ ನಾನು ಹೇಳುವುದಿಲ್ಲ ಅಂದರು. ಮನೆಯಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳುವ ದಾರಿಯೂ ಇದೆ ಅಂದರು. ಅವರು ಒಂದು ಮಾತನ್ನೂ ಮುಚ್ಚಿಡಲಿಲ್ಲ.

ಹೊರಗೆ ಬಂದು ಅತ್ತಿಗೆ ನನ್ನ ಮೊಣಕೈ ಹಿಡಿದರು. "ಕಿತ್ತಿದೆ ಅಂದ್ರಲ್ಲ. ನಿಮ್ಮಣ್ಣಂಗೆ ಅಷ್ಟೇ ಹೇಳು. ನೀನು ಹೇಳಿದ್ರೆ ನಂಬ್ತಾರೆ."

ಹೇಳಿದೆ. ಅಣ್ಣ ನನ್ನ ಮುಖವನ್ನೇ ನೋಡಿದ. "ಕಿತ್ತಿದ್ಯಾ? ಸರಿ ಹಾಗಾದ್ರೆ. ಇನ್ನೊಂದು ಸುತ್ತು ಚುಚ್ಚಲಿ" ಅಂದ. ಇಪ್ಪತ್ತಮೂರಕ್ಕೆ ಗಾಡಿ ಬರುತ್ತದೆ.

ಕತೆಯ ಅರ್ಧ ಹೇಳಿ ನಿಲ್ಲಿಸಿದರೆ ಅದು ಒಳ್ಳೆಯ ಕತೆ. ಅಜ್ಜಿ ಇದನ್ನು ಹೇಳಿರಲಿಲ್ಲ.

ಮೇ 14, ಬುಧವಾರ

ಇದನ್ನು ಯಾರಿಗೂ ಹೇಳಲಾರೆ, ಹುಚ್ಚಿ ಅಂದಾರು.

ನನ್ನ ಮಗ್ಗದ ಮೇಲಿರುವುದು ಎಲೆಯ ಕಾರ್ಡು. ನಾನು ಗಿರಣಿಗೆ ಬಂದ ಹೊಸತರಲ್ಲಿ ಅದು ಹಕ್ಕಿಯ ಕಾರ್ಡಾಗಿತ್ತು. ಹಕ್ಕಿ ಯಾರಿಗೂ ಬೇಡವಾದಾಗ ಅಣ್ಣ ಹಕ್ಕಿಯ ತೂತುಗಳನ್ನು ಮುಚ್ಚಿ, ಎಲೆಗೆ ಬೇಕಾದ ತೂತು ಹೊಡೆದ. ಇವತ್ತು ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಆ ಸರವನ್ನು ಇಳಿಸಿದೆ. ಮನಸ್ಸಿನಲ್ಲೇ ಪಣ ಕಟ್ಟಿದೆ: ತೇಪೆ ಕಿತ್ತಾಗ ಹಕ್ಕಿ ನೆಟ್ಟಗೆ ಮೇಲೆದ್ದರೆ ಅಣ್ಣನೂ ಏಳುತ್ತಾನೆ.

ಒದ್ದೆ ಬಟ್ಟೆ ಒತ್ತಿ ಒತ್ತಿ ಕಿತ್ತೆ. ಒಣಗಿದ ಅಂಟು ಉಗುರಿನ ಸಂದಿಗೆ ಸೇರಿತು. ಅವನು ಬೇಡವೆಂದದ್ದು ನೆನಪಿರಲಿಲ್ಲ ಎಂದು ಬರೆದರೆ ಸುಳ್ಳು. ನೆನಪಿತ್ತು.

ಸರ ಏರಿಸಿ ಮಗ್ಗ ಹೂಡಿದೆ. ಮೊದಲು ಕೊಕ್ಕು ಮೂಡಿತು. ಆಮೇಲೆ ಕಣ್ಣು ಬರಬೇಕಾದಲ್ಲಿ ಎಲೆಯ ತೊಟ್ಟು ಬಂತು. ರೆಕ್ಕೆಯ ಮೇಲೆ ಎಲೆ, ಎಲೆಯ ಮೇಲೆ ರೆಕ್ಕೆ. ಗುರುವಿನ ಕಾಲದ ತಪ್ಪು ತೂತುಗಳೂ ತೆರೆದುಕೊಂಡಿದ್ದವು, ಅವು ಎಲ್ಲೆಂದರಲ್ಲಿ ನೂಲು ಎತ್ತಿದವು. ಉದ್ದಕ್ಕೆ ಬಿಗಿದ ಹಾಸಿನ ನೂಲು ಪಟಪಟನೆ ಕಡಿಯತೊಡಗಿತು. ಆದರೂ ನಾನು ನಿಲ್ಲಿಸಲಿಲ್ಲ. ಮುಂದಿನ ಸಾಲಿಗೆ ಸರಿಹೋಗುತ್ತದೆ, ಮುಂದಿನ ಸಾಲಿಗೆ ಸರಿಹೋಗುತ್ತದೆ ಎಂದುಕೊಳ್ಳುತ್ತಾ ನೇಯುತ್ತಲೇ ಇದ್ದೆ. ಗಡಿಯಾರ ಬಂದು ಮಗ್ಗ ನಿಲ್ಲಿಸಿದ.

ಬೈಯಲಿಲ್ಲ. ಮಣಿಕಟ್ಟನ್ನೂ ನೋಡಲಿಲ್ಲ. ಕೆಟ್ಟ ಬಟ್ಟೆಯನ್ನು ಕತ್ತರಿಸಿ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟು, ನಿಮ್ಮಣ್ಣಂಗೆ ತೋರ್ಸಿ, ಪಾಪ ನಗ್ತಾನೆ ಅಂದ.

ಸದ್ಯಕ್ಕೆ ಅದನ್ನು ನನ್ನ ಕೋಣೆಯಲ್ಲೇ ಇಟ್ಟುಕೊಂಡಿರುತ್ತೇನೆ.

ಮೇ 19, ಸೋಮವಾರ

ಗಿರಣಿಯಲ್ಲಿ ನನ್ನನ್ನು ಕಾರ್ಡಮ್ಮ ಅನ್ನುತ್ತಿದ್ದಾರೆ. ಓಗೊಡುತ್ತಿದ್ದೇನೆ.

ಮೇ 22, ಗುರುವಾರ

ಸಂಜೆ ಗಡಿಯಾರ ಅಣ್ಣನನ್ನು ನೋಡಲು ಬಂದ. ಬಂದವನೇ, ತಂಗಿ ನೇಯ್ದ ಹೊಸ ಬಟ್ಟೆ ನೋಡಿದ್ಯಾ ಎಂದುಬಿಟ್ಟ. ಇನ್ನು ಮುಚ್ಚಿಡುವುದು ಹೇಗೆ? ಸುರುಳಿ ತಂದೆ. ಕತೆಯನ್ನೂ ಹೇಳಿದೆ. ಹೇಳಿದವಳು ನಾನು, ಹೇಳಿದ್ದು ಇವತ್ತು ಸಂಜೆ, ಕೇಳಿದವರು ಅಣ್ಣ, ಅತ್ತಿಗೆ, ಗಡಿಯಾರ.

ನಗುವ ಕತೆಯಾಗಿಯೇ ಹೇಳಿದೆ. ಹಕ್ಕಿಯ ಹೊಟ್ಟೆಯಿಂದ ಎಲೆ ಹುಟ್ಟಿದ್ದು, ಒಂದು ಹಕ್ಕಿಗೆ ಮೂರು ಕಾಲು ಬಂದದ್ದು, ನಾನು ಭೂತ ಹಿಡಿದವಳ ಹಾಗೆ ನೇಯುತ್ತಲೇ ಇದ್ದದ್ದು, ಗಡಿಯಾರ ಗಡಿಯಾರವನ್ನೇ ಮರೆತದ್ದು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಣ್ಣನೂ ನಕ್ಕ. ಎಷ್ಟು ದಿನದ ಮೇಲೋ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ಹಿಡಿಯಿತು. ಅತ್ತಿಗೆ ಬೆನ್ನು ನೀವಿದರು.

ಕೆಮ್ಮು ಇಳಿದ ಮೇಲೆ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡ. ಎಲೆಯೊಳಗಿಂದ ಇಣುಕುವ ಕೊಕ್ಕಿನ ಮೇಲೆ ಬೆರಳಾಡಿಸಿದ. ಕಡಿದ ನೂಲುಗಳನ್ನು ಒಂದೊಂದಾಗಿ ಮುಟ್ಟಿದ.

"ಯಾಕೆ ಕಿತ್ತೆ?"

ನಾನು ಕಡಿದ ನೂಲೊಂದನ್ನು ಬೆರಳಿಗೆ ಸುತ್ತಿಕೊಂಡೆ. ಅವನು ನನ್ನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಹೂಜಿ ಎತ್ತಿಕೊಂಡು, ನೀರು ತರುತ್ತೇನೆಂದು ಎದ್ದರು. ಹೂಜಿ ತುಂಬಿತ್ತು.

"ಕೂತ್ಕೋ" ಅಂದ ಅಣ್ಣ. ಅತ್ತಿಗೆ ಕೂತರು.

ಅಣ್ಣ ಉಸಿರನ್ನು ಕೂಡಿಸಿಕೊಂಡು ಹೇಳಿದ. "ಹಚ್ಚಿದ ನಂಗೇ ಯಾವ ತೇಪೆ ಯಾತಕ್ಕೆ ಅಂತ ಗೊತ್ತಾಗಲ್ಲ ಗುಬ್ಬಿ. ಪಾಪ, ಆ ಮದ್ದಿಗೆ ಹೇಗೆ ಗೊತ್ತಾಗ್ಬೇಕು."

ಗಡಿಯಾರ ನೆಲ ನೋಡುತ್ತಾ ಕೂತಿದ್ದ. ಹೊತ್ತಾಯಿತು ಅನ್ನಲಿಲ್ಲ.

ಮೇ 23, ಶುಕ್ರವಾರ

ಗಡಿಯಾರ ಇವತ್ತು ಪಾಳಿಗೆ ತಡವಾಗಿ ಬಂದ. ಅದೇ ಮೊದಲು ಎಂದು ಎಲ್ಲರೂ ಮಾತಾಡಿಕೊಂಡರಂತೆ. ಬಂದವನೇ ನನ್ನ ಮಗ್ಗದಿಂದ ಆ ಕಾರ್ಡಿನ ಸರವನ್ನು ತಾನೇ ಇಳಿಸಿ, ಮಡಿಸಿ, ಅಟ್ಟದ ಮೇಲೆ ಹಾಕಿಸಿದನಂತೆ. ನನಗೆ ಪಕ್ಕದ ಮಗ್ಗದವಳು ಹೇಳಿದ್ದು, ಮಧ್ಯಾಹ್ನ ಗೇಟಿನಲ್ಲಿ.

ಬೆಳಿಗ್ಗೆ ನಾನು ಮನೆಯಲ್ಲಿದ್ದೆ. ಆಸ್ಪತ್ರೆಯ ಗಾಡಿ ಹೇಳಿದ ಹೊತ್ತಿಗೆ ಬಂತು. ಅಣ್ಣ ಎದ್ದಿದ್ದ, ಗೋಡೆಗೆ ಮುಖ ಮಾಡಿರಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದ. ಕೆಟ್ಟ ಬಟ್ಟೆ ಅವನ ಕಾಲ ಮೇಲಿತ್ತು. ಹಾರನ್ ಆಯಿತು. ಅವನು ಕದಲಲಿಲ್ಲ. ಬಟ್ಟೆಯನ್ನು ಎದೆಯವರೆಗೆ ಎಳೆದುಕೊಂಡ, ಅಷ್ಟೆ.

ಅತ್ತಿಗೆ ಹೊರಗೆ ಹೋದರು.

"ಇವತ್ತು ಬೇಡಪ್ಪ" ಅಂದದ್ದು ಕೇಳಿಸಿತು.

ನಾಳೆ ಬರಲಾ ಎಂದು ಗಾಡಿಯವನು ಕೇಳಿದ.

"ನಾಳೆನೂ ಬೇಡ."

ಗಾಡಿ ಹೋದ ಮೇಲೆ ಒಳಗೆ ಬಂದು ಬಾಗಿಲ ಪಕ್ಕದ ಚೀಲದ ಮುಂದೆ ಕೂತರು. ಫ್ಲಾಸ್ಕು ತೆಗೆದು ಅಡುಗೆಮನೆಗೆ ಇಟ್ಟರು. ಟವಲನ್ನು ಹಗ್ಗಕ್ಕೆ ಹಾಕಿದರು. ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸಿ, ಕಿಟಕಿಯ ಹತ್ತಿರ ಇಟ್ಟರು. ಕೊನೆಗೆ ಚಪ್ಪಲಿ ಬಂತು. ಅಟ್ಟೆ ಇನ್ನೂ ಹೊಸದಾಗಿಯೇ ಇತ್ತು. ಮಂಚದ ಕೆಳಗೆ ಇಡಲು ಬಗ್ಗಿದರು, ಇಡಲಿಲ್ಲ. ಬಾಗಿಲಿನ ಹತ್ತಿರ ಹೋದರು, ಅಲ್ಲೂ ಇಡಲಿಲ್ಲ. ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದರು.